ಕಾಲುಳ್ಳ ಅಕ್ಷರ ಮತ್ತು ಜಾನ್ ಬಾಸ್ಕರ್‌ವಿಲ್

ಸೊಲ್ಲಾಪುರದಿಂದ ತೆಂಕಲಾಗಿ ವಿಜಾಪುರದ ಕಡೆಗೆ ಹೊರಟವರಿಗೆ ಮಂದ್ರೂಪದ ಹೆಸರು ಹೊಸದಲ್ಲ. ದಕ್ಷಿಣ ಸೊಲ್ಲಾಪುರ ತಾಲೂಕಿನ ಈ ಊರು ಆಡಳಿತಕ್ಕೆ ಮಹಾರಾಷ್ಟ್ರದ್ದು. ಮನೆಯೊಳಗೆ ಹೊಕ್ಕರೆ ಎಷ್ಟೋ ಕಡೆ ಕೇಳಿಬರುವುದು ಕನ್ನಡ. ಕಾಸರಗೋಡಿನ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಿಂದೊಮ್ಮೆ ಆ ಊರಿಗೆ ಹೋಗಿದ್ದಾಗ ಅಂಗಡಿಯೊಂದರ ಮುಂದೆ ಫಲಕ ಬರೆಯುತ್ತಿದ್ದ ಪೇಂಟರ್ ಒಬ್ಬರ ಬಳಿ ಅರ್ಧ ತಾಸು ನಿಂತುಬಿಟ್ಟೆ. ಅವರ ಕುಂಚಕ್ಕೆ ಮೂರು ಲಿಪಿ ಗೊತ್ತು. ಮರಾಠಿಗೆ ಮೊದಲು ಮೇಲೊಂದು ಗೆರೆ ಎಳೆದು ಅಕ್ಷರಗಳನ್ನು ಅದಕ್ಕೆ ತೂಗುಹಾಕುತ್ತಿದ್ದರು. ಕನ್ನಡಕ್ಕೆ ಮೊದಲು ಉರುಟು, ಆಮೇಲೆ ತಲೆಕಟ್ಟು. ಇಂಗ್ಲಿಷಿಗೆ ಬಂದಾಗ ಮಾತ್ರ ಕುಂಚ ತಡೆದು, ಅಂಗಡಿಯ ಯಜಮಾನರನ್ನು ಒಂದು ಪ್ರಶ್ನೆ ಕೇಳಿದರು. ಅಕ್ಷರಕ್ಕೆ ಕಾಲು ಬೇಕೋ, ಬೇಡವೋ ಎಂಬುದು ಆ ಪ್ರಶ್ನೆ. ಯಜಮಾನರು ಬೇಡವೆಂದರು. ಕಾಲಿಟ್ಟು ಬರೆದರೆ ಹೊತ್ತು ಹೆಚ್ಚು ಹಿಡಿಯುತ್ತದೆಂದು ಪೇಂಟರಿಗೂ ಅದೇ ಅನುಕೂಲವಾಯಿತು.

ಅವರು ಕಾಲು ಎಂದದ್ದನ್ನೇ ಇಂಗ್ಲಿಷಿನಲ್ಲಿ ಸೆರಿಫ್ ಎನ್ನುತ್ತಾರೆ. ರೋಮನ್ ಅಕ್ಷರದ ನೆಟ್ಟಗಿನ ಗೀಟು ಮುಗಿಯುವಲ್ಲಿ, ಕೆಳಗೂ ಮೇಲೂ ಅಡ್ಡಲಾಗಿ ಚಾಚಿಕೊಂಡ ಚಿಕ್ಕ ಗೀಟು ಅದು. ಮಂದ್ರೂಪದ ಪೇಂಟರ್ ಎರಡು ಜಾತಿ ಮಾಡಿ ಬಿಟ್ಟದ್ದನ್ನು ಯುರೋಪಿನ ಪಂಡಿತರು ಬಹಳ ಲಂಬಿಸಿದ್ದಾರೆ. ಫ್ರಾನ್ಸಿನ ಮ್ಯಾಕ್ಸಿಮಿಲಿಯನ್ ವಾಕ್ಸ್ ಎಂಬಾತ 1954ರಲ್ಲಿ ಅಚ್ಚಿನ ಅಕ್ಷರಗಳನ್ನೆಲ್ಲ ಒಂಬತ್ತು ಕುಲಗಳಲ್ಲಿ ಹಂಚಿ ಕೂರಿಸಿದ. 1967ರಲ್ಲಿ ಬ್ರಿಟನ್ನಿನ ಮಾನಕ ಸಂಸ್ಥೆಯೂ ಅದನ್ನೇ ತಿದ್ದಿ ತನ್ನದಾಗಿಸಿಕೊಂಡಿತು. ಕಾಲಿನ ಆಕಾರ ಹೇಗಿದೆ, ದಪ್ಪ ಗೀಟಿಗೂ ತೆಳು ಗೀಟಿಗೂ ಎಷ್ಟು ಅಂತರ, ಉರುಟು ಅಕ್ಷರ ಯಾವ ಕಡೆಗೆ ವಾಲಿದೆ, ಇವೇ ಅಲ್ಲಿ ಮುಖ್ಯ ಲಕ್ಷಣಗಳು. ಈ ವಿಂಗಡಣೆಯ ಪುಸ್ತಕ ಯಾವುದನ್ನು ತೆರೆದರೂ ನಡುವಿನ ಒಂದು ಕುಲಕ್ಕೆ ಉದಾಹರಣೆಯಾಗಿ ತಪ್ಪದೆ ಬರುವ ಹೆಸರು ಬಾಸ್ಕರ್‌ವಿಲ್. ಹಳೆಯದಕ್ಕೂ ಸೇರದ, ಹೊಸದಕ್ಕೂ ಪೂರ್ತಿ ಸೇರದ ಆ ಕುಲಕ್ಕೆ ಇಂಗ್ಲಿಷರು ಇಟ್ಟ ಹೆಸರಿಗೆ ಸಂಧಿಕಾಲದ್ದು ಎಂದು ಅರ್ಥ. ಕಂಪ್ಯೂಟರಿನಲ್ಲಿ ಇಂಗ್ಲಿಷ್ ಬೆರಳಚ್ಚು ಮಾಡುವವರು ಈ ಹೆಸರನ್ನು ಅಕ್ಷರಗಳ ಪಟ್ಟಿಯಲ್ಲಿ ದಿನಾ ಕಾಣುತ್ತಾರೆ. ಅದರ ಹಿಂದೆ ಒಬ್ಬ ಮನುಷ್ಯನಿದ್ದ, ಆತ ತನ್ನ ಆಸ್ತಿಯನ್ನೇ ಅಕ್ಷರಕ್ಕೆ ಸುರಿದ, ಸತ್ತ ಮೇಲೂ ನೂರಿಪ್ಪತ್ತು ವರ್ಷ ಅವನ ದೇಹಕ್ಕೆ ನಿಲ್ಲಲು ನೆಲೆ ಸಿಗಲಿಲ್ಲ ಎಂಬುದು ಅವರಲ್ಲಿ ಎಷ್ಟು ಜನಕ್ಕೆ ಗೊತ್ತೋ.

ಜಾನ್ ಬಾಸ್ಕರ್‌ವಿಲ್ ಹುಟ್ಟಿದ್ದು 1706ರ ಸುಮಾರಿಗೆ, ಇಂಗ್ಲೆಂಡಿನ ವುಸ್ಟರ್‌ಶೈರ್ ಸೀಮೆಯ ವುಲ್ವರ್ಲಿ ಎಂಬ ಹಳ್ಳಿಯಲ್ಲಿ. ಎಳೆಯ ಪ್ರಾಯದಲ್ಲೇ ಹತ್ತಿರದ ಬರ್ಮಿಂಗ್‌ಹ್ಯಾಮ್ ಪೇಟೆ ಸೇರಿದ. ಆಗಿನ್ನೂ ಅದು ಬೆಳೆಯುತ್ತಿದ್ದ ಊರು. ಕಬ್ಬಿಣ, ಹಿತ್ತಾಳೆ, ಗುಂಡಿ, ಬಕಲು ಮಾಡುವ ಕಸುಬುದಾರರ ಊರು. ಅಲ್ಲಿ ಆತ ಹಿಡಿದ ಮೊದಲ ಕಸುಬು ಮಕ್ಕಳಿಗೆ ಅಕ್ಷರ ತಿದ್ದಿಸುವುದು. ನಮ್ಮ ಅಯ್ಯನ ಮಠದ ಹಾಗಲ್ಲ, ಅಂದವಾಗಿ ಬರೆಯುವುದನ್ನು ಮಾತ್ರ ಕಲಿಸುವ ಮೇಷ್ಟರಿಕೆ. ಅದರ ಜತೆಗೆ ಗೋರಿಕಲ್ಲುಗಳ ಮೇಲೆ ಹೆಸರು ಕೊರೆಯುವ ಕೆಲಸ. ಬೇಕಾದ ಬರವಣಿಗೆಯಲ್ಲಿ ಗೋರಿಕಲ್ಲು ಕೊರೆದು ಕೊಡಲಾಗುವುದೆಂದು ಸ್ಲೇಟುಕಲ್ಲಿನ ಮೇಲೆ ಅವನೇ ಕೆತ್ತಿದ ಜಾಹೀರಾತು ಫಲಕವೊಂದು ಇಂದಿಗೂ ಬರ್ಮಿಂಗ್‌ಹ್ಯಾಮಿನ ಗ್ರಂಥಾಲಯದಲ್ಲಿದೆ. ಒಂದೇ ಫಲಕದಲ್ಲಿ ಹಲವು ಬಗೆಯ ಅಕ್ಷರ. ನನ್ನ ಕೈಗೆ ಎಲ್ಲವೂ ಬರುತ್ತದೆ ಎಂದು ಗಿರಾಕಿಗೆ ತೋರಿಸುವ ಉಪಾಯ. ಮಂದ್ರೂಪದ ಪೇಂಟರಿಗೂ ಈತನಿಗೂ ಅಲ್ಲಿಯವರೆಗೆ ಹೆಚ್ಚೇನೂ ವ್ಯತ್ಯಾಸವಿರಲಿಲ್ಲ.

ಗೋರಿಕಲ್ಲಿನಲ್ಲಿ ಹೊಟ್ಟೆ ತುಂಬುವುದು ಕಷ್ಟವೆಂದು ತಿಳಿದೋ ಏನೋ, ಮೂವತ್ತು ದಾಟಿದ ಮೇಲೆ ಬಾಸ್ಕರ್‌ವಿಲ್ ಕಸುಬು ಬದಲಿಸಿದ. ತಗಡಿನ ಹರಿವಾಣ, ಪೆಟ್ಟಿಗೆ, ಬೀಸಣಿಗೆ ಚೌಕಟ್ಟುಗಳಿಗೆ ಕಪ್ಪು ವಾರ್ನಿಷ್ ಬಳಿದು ಬೇಯಿಸಿ, ಕನ್ನಡಿಯಂತೆ ಹೊಳೆಯುವಂತೆ ಮಾಡುವ ಜಪಾನ್ ಕೆಲಸ ಆಗ ಶ್ರೀಮಂತರ ಮನೆಗಳಲ್ಲಿ ಬಹಳ ಬೇಡಿಕೆಯದು. ವಾರ್ನಿಷ್ ತಯಾರಿಸುವ ಗುಟ್ಟನ್ನು ಯಾರೂ ಬಿಟ್ಟುಕೊಡುತ್ತಿರಲಿಲ್ಲ. ಆ ಕಸುಬಿನ ಒಬ್ಬ ಯಜಮಾನ ಸಾಮಾನು ತರಲು ಹೊರಟಾಗ ಬಾಸ್ಕರ್‌ವಿಲ್ ಹಿಂದಿನಿಂದ ಹೋಗಿ, ಅವನು ಹೊಕ್ಕು ಬಂದ ಪ್ರತಿ ಅಂಗಡಿಗೂ ತಾನೂ ಹೊಕ್ಕು, ಈಗ ಬಂದವರು ಕೊಂಡದ್ದನ್ನೇ ತನಗೂ ಕೊಡಿರೆಂದು ಕೇಳಿ ಗುಟ್ಟು ಕಲಿತನೆಂದು ಒಂದು ಕಥೆಯುಂಟು. ಕಥೆ ನಿಜವೋ ಅಲ್ಲವೋ, ಮನುಷ್ಯನ ಸ್ವಭಾವಕ್ಕಂತೂ ಒಪ್ಪುತ್ತದೆ. 1742ರಲ್ಲಿ ತಗಡಿನ ಕೆಲಸದ ಯಂತ್ರವಿಧಾನವೊಂದಕ್ಕೆ ಪೇಟೆಂಟ್ ಪಡೆದ. 1745ರಲ್ಲಿ ಊರಹೊರಗೆ ಎಂಟು ಎಕ್ರೆಯಷ್ಟು ಜಾಗ ಗೇಣಿಗೆ ಹಿಡಿದು ದೊಡ್ಡ ಮನೆ ಕಟ್ಟಿಸಿ ಈಸಿ ಹಿಲ್ ಎಂದು ಹೆಸರಿಟ್ಟ. ಚಿನ್ನದ ಸರಿಗೆಯ ಅಂಗಿ ತೊಟ್ಟು, ತನ್ನ ಕಾರ್ಖಾನೆಯ ಚಿತ್ರದ ಹಲಗೆಗಳನ್ನೇ ಜೋಡಿಸಿದ ಕುದುರೆ ಗಾಡಿಯಲ್ಲಿ ಪೇಟೆಯಲ್ಲಿ ಓಡಾಡುತ್ತಿದ್ದ. ಅಂಥ ಗಾಡಿ ಒಂದೇ ಹೊತ್ತಿಗೆ ಡಂಭವೂ ಹೌದು, ಜಾಹೀರಾತೂ ಹೌದು.

ಆ ಮನೆಗೆ ಸುಮಾರು 1750ರ ಹೊತ್ತಿಗೆ ಮನೆವಾರ್ತೆ ನೋಡಿಕೊಳ್ಳಲು ಬಂದಾಕೆ ಸಾರಾ ಈವ್ಸ್. ಆಕೆಯ ಗಂಡ ಯಾವುದೋ ಮೋಸದ ವ್ಯವಹಾರದಲ್ಲಿ ಸಿಕ್ಕಿ, ಹೆಂಡತಿ ಮಕ್ಕಳನ್ನು ಬಿಟ್ಟು ಓಡಿಹೋಗಿದ್ದ. ಗಂಡ ಬದುಕಿರುವಾಗ ಮರುಮದುವೆಗೆ ಕಾನೂನು ಒಪ್ಪದು. ಹಾಗಾಗಿ ಇಬ್ಬರೂ ಊರವರ ಮಾತಿಗೆ ಕಿವಿಗೊಡದೆ ಸಂಸಾರ ನಡೆಸಿದರು. ಆಕೆಯ ಮಕ್ಕಳನ್ನೂ ಬಾಸ್ಕರ್‌ವಿಲ್ ತನ್ನವರಂತೆ ಸಾಕಿದ. 1764ರಲ್ಲಿ ಆ ಗಂಡ ಸತ್ತ ಸುದ್ದಿ ಬಂದ ಮೇಲೆ, ಅದೇ ವರ್ಷ ಜೂನ್ 1ರಂದು, ಇಬ್ಬರೂ ಶಾಸ್ತ್ರಪ್ರಕಾರ ಮದುವೆಯಾದರು. ಅಚ್ಚಿನ ಕೆಲಸದಲ್ಲಿ ಆಕೆಯೂ ಕೈಜೋಡಿಸುತ್ತಿದ್ದಳು ಎಂಬುದನ್ನು ಇಲ್ಲಿ ಹೇಳದಿದ್ದರೆ ತಪ್ಪಾದೀತು, ಏಕೆಂದರೆ ಮುಂದೆ ಕಥೆ ಆಕೆಯ ಕೈಗೇ ಬರುತ್ತದೆ.

ಸುಖವಾಗಿ ಕೂತು ಉಣ್ಣಬಹುದಾಗಿದ್ದ ನಲವತ್ತು ದಾಟಿದ ಈ ಮನುಷ್ಯನಿಗೆ 1750ರ ಸುಮಾರಿಗೆ ಹಳೆಯ ಹುಚ್ಚು ಮರುಕಳಿಸಿತು. ಅಚ್ಚುಮೊಳೆ ಮಾಡಬೇಕು, ಇಂಗ್ಲೆಂಡಿನಲ್ಲಿ ಈವರೆಗೆ ಯಾರೂ ಕಾಣದ ಪುಸ್ತಕ ಅಚ್ಚುಹಾಕಬೇಕು.

ಅಚ್ಚುಮೊಳೆ ಹೇಗೆ ಹುಟ್ಟುತ್ತಿತ್ತು ಎಂಬುದನ್ನು ಇಂದಿನ ಎಳೆಯ ಓದುಗರಿಗಾಗಿ ಎರಡು ಮಾತಿನಲ್ಲಿ ಹೇಳಬೇಕು. ಉಕ್ಕಿನ ಸಣ್ಣ ಕಡ್ಡಿಯ ತುದಿಯಲ್ಲಿ ಅಕ್ಷರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಾಮುರುಗಾ ಕೊರೆಯಬೇಕು. ಇದಕ್ಕೆ ಪಂಚ್ ಎಂದು ಹೆಸರು. ಅದನ್ನು ಕಾಸಿ ಗಟ್ಟಿಮಾಡಿ ತಾಮ್ರದ ತುಂಡಿನ ಮೇಲಿಟ್ಟು ಹೊಡೆದರೆ ಅಕ್ಷರದ ತಗ್ಗು ಮೂಡುತ್ತದೆ. ಆ ತಗ್ಗನ್ನು ಅಚ್ಚಿನ ಪೆಟ್ಟಿಗೆಗೆ ಸಿಕ್ಕಿಸಿ, ಸೀಸಕ್ಕೆ ತವರ, ಆಂಟಿಮನಿ ಬೆರೆಸಿ ಕರಗಿಸಿ ಎರೆದರೆ ಒಂದು ಮೊಳೆ. ಆಫ್‌ಸೆಟ್ ಬರುವ ಮೊದಲು ನಮ್ಮ ಸೀಮೆಯ ಪತ್ರಿಕೆಗಳೂ ಇಂಥ ಮೊಳೆಗಳನ್ನು ಒಂದೊಂದಾಗಿ ಹೆಕ್ಕಿ ಜೋಡಿಸಿಯೇ ಹೊರಡುತ್ತಿದ್ದವು. ಕಂಪೋಸಿಟರ್‌ಗಳ ಬೆರಳಿನ ಸೀಸದ ಕಪ್ಪು ನೋಡಿದವರು ಈಗಲೂ ಇದ್ದಾರೆ.

ಬಾಸ್ಕರ್‌ವಿಲ್ ಅಕ್ಷರ ಬಿಡಿಸಿದ. ಉಕ್ಕಿನಲ್ಲಿ ಕೊರೆದವನು ಜಾನ್ ಹ್ಯಾಂಡಿ ಎಂಬ ಕುಶಲ ಕೆಲಸಗಾರ. ಒಂದು ಅಕ್ಷರ ಮನಸ್ಸಿಗೆ ಬರುವ ಮೊದಲೇ ಆರುನೂರು ಪೌಂಡು ಖರ್ಚಾಯಿತೆಂದು ಆ ಊರಿನ ಚರಿತ್ರೆ ಬರೆದ ವಿಲಿಯಂ ಹಟನ್ ಲೆಕ್ಕ ಕೊಟ್ಟಿದ್ದಾನೆ. ವರ್ಷ ಎರಡಾದರೂ ಕೈಯಲ್ಲಿ ಬೆರಳೆಣಿಕೆಯ ಅಕ್ಷರ. ಕೊರೆದದ್ದನ್ನು ಬಿಸಾಡುವುದು, ಮತ್ತೆ ಕೊರೆಸುವುದು.

ಈ ಹಟ ಏತಕ್ಕೆ ಎಂಬುದು ತಿಳಿಯಬೇಕಾದರೆ ಆಗ ಇಂಗ್ಲೆಂಡಿನಲ್ಲಿ ನಡೆಯುತ್ತಿದ್ದ ಅಕ್ಷರವನ್ನು ನೋಡಬೇಕು. ಅಲ್ಲಿನ ಮುದ್ರಣಾಲಯಗಳಲ್ಲೆಲ್ಲ ವಿಲಿಯಂ ಕ್ಯಾಸ್ಲಾನನ ಮೊಳೆಗಳದ್ದೇ ರಾಜ್ಯ. ಅವು ಹಳೆಯ ಕುಲದವು. ಅಗಲ ಬಾಯಿಯ ಗರಿಯ ಲೇಖನಿಯನ್ನು ಓರೆಯಾಗಿ ಹಿಡಿದು ಬರೆದಾಗ ಹೇಗೆ ಮೂಡುತ್ತದೋ ಅದರ ನೆನಪು ಆ ಅಕ್ಷರಗಳಲ್ಲಿತ್ತು. ಓ ಎಂಬ ಉರುಟಿನ ತೆಳು ಭಾಗಗಳು ನೇರ ಮೇಲೆ ಕೆಳಗೆ ಬಾರದೆ ಸ್ವಲ್ಪ ಎಡಕ್ಕೆ ವಾಲಿರುತ್ತಿದ್ದವು. ದಪ್ಪಕ್ಕೂ ತೆಳುವಿಗೂ ಅಂತರ ಕಡಿಮೆ. ಕಾಲುಗಳು ಗೀಟಿನಿಂದ ಮರದ ಬುಡದಂತೆ ಅಗಲಿಸಿ ಇಳಿಯುತ್ತಿದ್ದವು. ಬಾಸ್ಕರ್‌ವಿಲ್ ಕಲಿಸಿದ್ದು ಅಗಲ ಲೇಖನಿಯ ಬರವಣಿಗೆಯಲ್ಲ, ಚೂಪು ಮೊನೆಯ ಲೇಖನಿಯದ್ದು. ಒತ್ತಿದರೆ ದಪ್ಪ, ಬಿಟ್ಟರೆ ಕೂದಲೆಳೆ. ಮೇಲಾಗಿ ಉಳಿಯಿಂದ ಕಲ್ಲು ಕೊರೆದ ಕೈ. ಆ ಕೈಯಿಂದ ಬಂದ ಅಕ್ಷರದಲ್ಲಿ ಉರುಟು ನೆಟ್ಟಗೆ ನಿಂತಿತು, ದಪ್ಪ ತೆಳುಗಳ ಅಂತರ ಹೆಚ್ಚಿತು, ಕಾಲುಗಳು ಚಪ್ಪಟೆಯಾಗಿ ಮೊನಚಾದವು. ಆದರೂ ಗೀಟಿಗೂ ಕಾಲಿಗೂ ನಡುವಿನ ಸಣ್ಣ ಬಾಗು ಉಳಿಯಿತು. ಹಳೆಯದನ್ನು ಪೂರ್ತಿ ಕತ್ತರಿಸಲಿಲ್ಲ. ಪಂಡಿತರು ನೂರಾರು ವರ್ಷಗಳ ಬಳಿಕ ಕುಲಕಟ್ಟಿದ್ದು ಇಷ್ಟನ್ನೇ ಹಿಡಿದು.

ಇಲ್ಲಿ ನಮ್ಮ ಅಕ್ಷರದ ಮಾತು ಸ್ವಲ್ಪ ಆಡಬೇಕು. ಆಯುಧ ಬದಲಾದರೆ ಅಕ್ಷರದ ಮೈ ಬದಲಾಗುತ್ತದೆ ಎಂಬುದು ಕನ್ನಡಿಗರಿಗೆ ಹೊಸ ಸಂಗತಿಯಲ್ಲ. ತಾಳೆಗರಿಯ ಮೇಲೆ ಕಂಠದಿಂದ ನೇರ ಅಡ್ಡಗೆರೆ ಎಳೆದರೆ ಗರಿ ಸೀಳುತ್ತದೆ, ಅದಕ್ಕೇ ನಮ್ಮ ಲಿಪಿ ಉರುಟಾಯಿತೆಂದು ಬಲ್ಲವರು ಹೇಳುವುದುಂಟು. ಕನ್ನಡಕ್ಕೆ ಕಾಲಿಲ್ಲ; ಇರುವುದು ತಲೆಕಟ್ಟು. ಹಾಗಿರುವಾಗ ಕಾಲನ್ನು ಹಿಡಿದು ಮಾಡಿದ ವಿಂಗಡಣೆ ನಮಗೆ ಹೇಗೆ ಹೊಂದೀತು? ಆದರೂ ಹೊಂದಿಸಿದ್ದಾರೆ. ಇಂದು ಕಂಪ್ಯೂಟರಿನಲ್ಲಿ ಸಿಗುವ ನೋಟೊ ಸೆರಿಫ್ ಕನ್ನಡ, ನೋಟೊ ಸ್ಯಾನ್ಸ್ ಕನ್ನಡ ಎಂಬ ಎರಡು ಅಕ್ಷರರೂಪಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಎರಡಕ್ಕೂ ಕಾಲಿಲ್ಲ. ಒಂದರಲ್ಲಿ ಎಳೆ ದಪ್ಪವಾಗಿ ತೆಳುವಾಗಿ ಹರಿಯುತ್ತದೆ, ಇನ್ನೊಂದರಲ್ಲಿ ಹೆಚ್ಚುಕಡಿಮೆ ಒಂದೇ ಸಮ. ಅಷ್ಟಕ್ಕೆ ಸೆರಿಫ್ ಎಂದೂ ಸೆರಿಫ್ ಇಲ್ಲದ್ದೆಂದೂ ಹೆಸರು. ಬೇರೆಯವರ ಅಳತೆಗೋಲಿನಲ್ಲಿ ನಮ್ಮನ್ನು ಅಳೆದರೆ ಹೀಗಾಗುತ್ತದೆ. ತಲೆಕಟ್ಟಿನ ರೀತಿ, ಉರುಟಿನ ಬಾಯಿ, ಒತ್ತಕ್ಷರದ ಗಾತ್ರ ಇವುಗಳನ್ನು ಹಿಡಿದು ನಮ್ಮದೇ ವಿಂಗಡಣೆ ಮಾಡಬಾರದೇ ಎಂದು ನನಗಂತೂ ಅನಿಸಿದೆ.

ಮತ್ತೆ ಬರ್ಮಿಂಗ್‌ಹ್ಯಾಮಿಗೆ ಹೋಗೋಣ. ಅಕ್ಷರವೇನೋ ಆಯಿತು. ಕೂದಲೆಳೆಯ ಗೀಟು ಅಂದಿನ ಒರಟು ಕಾಗದದ ಮೇಲೆ, ನೀರು ನೀರಾದ ಶಾಯಿಯಲ್ಲಿ ಮೂಡುವುದೆಂತು? ಆದ್ದರಿಂದ ಬಾಸ್ಕರ್‌ವಿಲ್ ಎಲ್ಲಕ್ಕೂ ಕೈಹಾಕಿದ. ಮುದ್ರಣ ಯಂತ್ರದ ಒತ್ತುಹಲಗೆಯನ್ನು ಇನ್ನಷ್ಟು ಸಪಾಟು ಮಾಡಿಸಿದ. ಶಾಯಿಗೆ ಅಗಸೆ ಎಣ್ಣೆಯನ್ನು ಕಾಯಿಸಿ ಬಹುಕಾಲ ಇಟ್ಟು ಹದಮಾಡಿ, ಅದಕ್ಕೆ ದೀಪದ ಮಸಿಯ ನಯವಾದ ಪುಡಿ ಬೆರೆಸಿದ. ವಾರ್ನಿಷ್ ಕಸುಬಿನ ಅನುಭವ ಇಲ್ಲಿ ಒದಗಿತು. ಅವನ ಪುಸ್ತಕಗಳ ಕಪ್ಪು ಬಣ್ಣಕ್ಕೆ ಸಾಟಿ ಬೇರೆಲ್ಲೂ ಇರಲಿಲ್ಲ. ಕಾಗದ ತಯಾರಿಸುವ ಜೇಮ್ಸ್ ವಾಟ್‌ಮನ್‌ನ ಗಿರಣಿಯಿಂದ ಗೆರೆಗಳಿಲ್ಲದ ನುಣುಪಾದ ಹೊಸ ಕಾಗದ ತರಿಸಿದ. ಅಚ್ಚಾದ ಹಾಳೆಗಳನ್ನು ಕಾದ ತಾಮ್ರದ ತಗಡುಗಳ ನಡುವೆ ಒತ್ತಿ ಇಸ್ತ್ರಿ ಹಾಕಿದಂತೆ ಹೊಳಪು ಬರಿಸಿದ. ಪುಟದಲ್ಲಿ ಹೂಬಳ್ಳಿ, ಚಿತ್ತಾರ ಏನೂ ಇಲ್ಲ. ಅಗಲವಾದ ಅಂಚು, ಸಾಲುಗಳ ನಡುವೆ ಬಿಡುವು, ಬರಿಯ ಅಕ್ಷರ. ಹೀಗೆ ಏಳು ವರ್ಷದ ಕೊನೆಗೆ, 1757ರಲ್ಲಿ, ರೋಮನ್ ಕವಿ ವರ್ಜಿಲನ ಲ್ಯಾಟಿನ್ ಕಾವ್ಯಗಳು ಹೊರಬಂದವು. ಬೆಲೆ ಒಂದು ಗಿನಿ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಆರು ಪ್ರತಿಗಳಿಗೆ ಮುಂಗಡ ಕೊಟ್ಟವರಲ್ಲಿ ಒಬ್ಬ. ಮರುವರ್ಷವೇ ಮಿಲ್ಟನ್ ಕವಿಯ ಕೃತಿಗಳು. ಅದರ ಮುನ್ನುಡಿಯಲ್ಲಿ ಬಾಸ್ಕರ್‌ವಿಲ್ ಕ್ಯಾಸ್ಲಾನನ ಹಿರಿಮೆಯನ್ನು ಒಪ್ಪಿಕೊಂಡೇ ತನ್ನ ಉದ್ದೇಶವನ್ನು ವಿನಯದಿಂದ ಹೇಳಿಕೊಂಡಿದ್ದಾನೆ.

ಇಷ್ಟಾದರೂ ಸ್ವದೇಶದಲ್ಲಿ ಮೆಚ್ಚುಗೆಗಿಂತ ಕೊಂಕೇ ಹೆಚ್ಚು ಸಿಕ್ಕಿತು. ಲಂಡನ್ನಿನ ಮುದ್ರಕರಿಗೆ ಈತ ಹೊರಗಿನವನು, ಕಸುಬಿನ ಕುಲದಲ್ಲಿ ಹುಟ್ಟಿದವನಲ್ಲ, ಹರಿವಾಣಕ್ಕೆ ಬಣ್ಣ ಬಳಿಯುವವನು. ಕಾಗದದ ಹೊಳಪೂ ಅಕ್ಷರದ ತೆಳು ಗೀಟೂ ಓದುವವರ ಕಣ್ಣು ಕೆಡಿಸುತ್ತವೆಂದು ಮಾತು ಹಬ್ಬಿತು. ಇದಕ್ಕೆ ಸಂಬಂಧಿಸಿ ಫ್ರಾಂಕ್ಲಿನ್ 1760ರಲ್ಲಿ ಬಾಸ್ಕರ್‌ವಿಲ್‌ಗೆ ಬರೆದು ತಿಳಿಸಿದ ಪ್ರಸಂಗವೊಂದು ಸ್ವಾರಸ್ಯವಾದುದು. ಈ ಅಕ್ಷರದಿಂದ ದೇಶದ ಓದುಗರೆಲ್ಲ ಕುರುಡಾಗುತ್ತಾರೆಂದು ದೂರಿದ ಒಬ್ಬ ದೊಡ್ಡ ಮನುಷ್ಯನನ್ನು ಫ್ರಾಂಕ್ಲಿನ್ ಪರೀಕ್ಷಿಸಬಯಸಿದ. ಒಳಗೆ ಹೋಗಿ ಕ್ಯಾಸ್ಲಾನನ ಮಾದರಿ ಹಾಳೆಯೊಂದನ್ನು ತೆಗೆದು, ಹೆಸರಿದ್ದ ಮೇಲ್ಭಾಗ ಹರಿದು, ಇದೇ ಬಾಸ್ಕರ್‌ವಿಲ್‌ನ ಅಕ್ಷರವೆಂದು ಮುಂದಿಟ್ಟ. ಆ ಮಹಾಶಯ ಸಾಲು ಸಾಲಾಗಿ ದೋಷ ಎತ್ತಿ ತೋರಿಸಿದ, ಓದುತ್ತಿದ್ದಂತೆ ಕಣ್ಣು ನೋಯುತ್ತಿದೆ ಎಂದ. ಅವನು ಜೀವಮಾನವಿಡೀ ನೋವಿಲ್ಲದೆ ಓದಿದ್ದು ಅದೇ ಅಕ್ಷರದಲ್ಲಿ. ಅವನಿಗೆ ನಾಚಿಕೆಯಾಗದಿರಲೆಂದು ಫ್ರಾಂಕ್ಲಿನ್ ಗುಟ್ಟು ಬಿಡಲಿಲ್ಲ.

ದೇವರಲ್ಲಿ ನಂಬಿಕೆಯಿಲ್ಲದ ಈ ಮನುಷ್ಯ ಮಾಡಿದ ಅತಿ ದೊಡ್ಡ ಕೆಲಸ ಬೈಬಲು ಎಂಬುದು ವಿಚಿತ್ರ. ಇಂಗ್ಲೆಂಡಿನಲ್ಲಿ ಬೈಬಲನ್ನು ಯಾರೆಂದರೆ ಅವರು ಅಚ್ಚುಹಾಕುವಂತಿರಲಿಲ್ಲ. ಅದಕ್ಕಾಗಿ 1758ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಮುದ್ರಕನಾಗಿ ನೇಮಕ ಪಡೆದ. ಪ್ರಾರ್ಥನಾ ಪುಸ್ತಕಗಳಿಗೆ ಸಾವಿರಕ್ಕೆ ಇಷ್ಟೆಂದು ವಿಶ್ವವಿದ್ಯಾಲಯಕ್ಕೆ ಕಪ್ಪ ಕಟ್ಟುವ ಕರಾರು. ಪುಸ್ತಕ ಅಚ್ಚುಹಾಕಿದವನೇ ಹಣ ತೆರಬೇಕಾದ ಆ ವ್ಯವಹಾರದಲ್ಲಿ ಲಾಭ ಎಲ್ಲಿಂದ ಬರಬೇಕು? 1763ರಲ್ಲಿ ಹೊರಬಂದ ಆ ಬೃಹತ್ ಬೈಬಲನ್ನು ಇಂದು ಹದಿನೆಂಟನೆಯ ಶತಮಾನದ ಅತ್ಯಂತ ಸುಂದರ ಪುಸ್ತಕಗಳಲ್ಲೊಂದೆಂದು ಎಣಿಸುತ್ತಾರೆ. ಅಂದು 1,250 ಪ್ರತಿಗಳಲ್ಲಿ ನೂರಾರು ಉಳಿದು, ಕೊನೆಗೆ ಪುಸ್ತಕ ವ್ಯಾಪಾರಿಗೆ ಅಗ್ಗದಲ್ಲಿ ಮಾರಬೇಕಾಯಿತು. ನಡುವೆ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯಕ್ಕಾಗಿ ಗ್ರೀಕ್ ಮೊಳೆ ಮಾಡಿಕೊಟ್ಟದ್ದೂ ಉಂಟು. ಅದು ಚೆನ್ನಾಗಿರಲಿಲ್ಲ, ಅದನ್ನು ಯಾರೂ ಹೊಗಳಲಿಲ್ಲ; ತನ್ನದಲ್ಲದ ಲಿಪಿಗೆ ಕೈಹಾಕಿದವರಿಗೆ ಆಗುವ ಗತಿ ಅದು.

1762ರಲ್ಲಿ ಹೊರೇಸ್ ವಾಲ್‌ಪೋಲ್‌ಗೆ ಬರೆದ ಪತ್ರದಲ್ಲಿ ಅವನ ನಿರಾಶೆ ಕಾಣುತ್ತದೆ. ಅಚ್ಚಿನ ಕೆಲಸದಿಂದ ಹೊಟ್ಟೆ ತುಂಬುತ್ತಿಲ್ಲ, ವಾರ್ನಿಷ್ ಕಾರ್ಖಾನೆಯಿಂದಲೇ ಬದುಕು ಎಂಬುದು ಅದರ ತಾತ್ಪರ್ಯ. ಮೊಳೆಗಳನ್ನೂ ಪಂಚುಗಳನ್ನೂ ಒಟ್ಟಾಗಿ ಮಾರಿಬಿಡಲು ನೋಡಿದ. ಸ್ವದೇಶದಲ್ಲಿ ಕೊಳ್ಳುವವರಿಲ್ಲ. ಫ್ರಾಂಕ್ಲಿನ್ ಮೂಲಕ ಫ್ರಾನ್ಸಿನಲ್ಲಿ ವಿಚಾರಿಸಿದರೆ, ಅರಮನೆಯ ರಿಪೇರಿಗೇ ದುಡ್ಡಿಲ್ಲದ ಸ್ಥಿತಿಯಲ್ಲಿ ಅಲ್ಲಿನ ಸರಕಾರವಿದೆ ಎಂಬ ಉತ್ತರ 1767ರಲ್ಲಿ ಬಂತು.

ಊರಲ್ಲಿ ತಾತ್ಸಾರವಾದರೂ ಹೊರದೇಶದಲ್ಲಿ ಕಣ್ಣುಳ್ಳವರು ಇದ್ದರು. ಪ್ಯಾರಿಸಿನ ಹೆಸರಾಂತ ಮೊಳೆಗಾರ ಫೂರ್ನಿಯೆ 1766ರಲ್ಲಿ ತನ್ನ ಗ್ರಂಥದಲ್ಲಿ ಬಾಸ್ಕರ್‌ವಿಲ್‌ನನ್ನು ಹೊಗಳಿದ. ಇಟೆಲಿಯ ಜಾಂಬಟ್ಟಿಸ್ತಾ ಬೊಡೋನಿ ಎಂಬ ತರುಣ ಈತನನ್ನು ಕಾಣಬೇಕೆಂದೇ ಇಂಗ್ಲೆಂಡಿಗೆ ಹೊರಟು, ದಾರಿಯಲ್ಲಿ ಹುಟ್ಟೂರಿನಲ್ಲಿ ಜ್ವರ ಹಿಡಿದು ಮಲಗಿ, ಅಲ್ಲೇ ಉಳಿದ. ಆ ಬೊಡೋನಿ ಅದುವರೆಗೆ ಮೊಳೆಗಳ ಕೆಲಸ ಕಲಿತದ್ದು ರೋಮಿನ ಕ್ರೈಸ್ತ ಧರ್ಮಪ್ರಚಾರ ಸಭೆಯ ಬಹುಭಾಷಾ ಮುದ್ರಣಾಲಯದಲ್ಲಿ. ಮಲೆಯಾಳದ ಮೊದಲ ಅಚ್ಚು ಪುಸ್ತಕವೆನಿಸಿದ ಸಂಕ್ಷೇಪವೇದಾರ್ಥಂ 1772ರಲ್ಲಿ ಹೊರಬಂದದ್ದೂ ಅದೇ ಮುದ್ರಣಾಲಯದಿಂದ, ಬೊಡೋನಿ ಬಿಟ್ಟುಹೋದ ಕೆಲವು ವರ್ಷಗಳ ಬಳಿಕ. ನಮ್ಮ ಜಿಲ್ಲೆಯ ಮಲೆಯಾಳಿ ಮಿತ್ರರಿಗೆ ಇದನ್ನು ತಿಳಿಸಿದರೆ ಸಂತೋಷಪಟ್ಟಾರು. ಕನ್ನಡದ ಮೊಳೆ ಬರಲು ಇನ್ನೂ ಕಾಯಬೇಕಾಯಿತು. ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಬಂಗಾಳದ ಶ್ರೀರಾಮಪುರದಲ್ಲಿ ಅಚ್ಚಾದುದು 1817ರಲ್ಲಿ. 1843ರಲ್ಲಿ ಹೊರಟ ಮಂಗಳೂರ ಸಮಾಚಾರ ಕೂಡ ಮೊದಲಿಗೆ ಮೊಳೆಯಿಂದಲ್ಲ, ಕಲ್ಲಚ್ಚಿನಿಂದ ಅಚ್ಚಾದ ಪತ್ರಿಕೆ.

ಬೊಡೋನಿ ಮುಂದೆ ಪಾರ್ಮಾ ನಗರದಲ್ಲಿ ನೆಲೆಸಿ ಬಾಸ್ಕರ್‌ವಿಲ್ ನಿಲ್ಲಿಸಿದಲ್ಲಿಂದ ಮುಂದುವರಿದ. ಕಾಲಿಗೂ ಗೀಟಿಗೂ ನಡುವೆ ಇದ್ದ ಬಾಗನ್ನು ತೆಗೆದುಹಾಕಿ, ಕಾಲನ್ನು ಬರಿಯ ನೂಲಿನೆಳೆ ಮಾಡಿದ. ಅದು ಆಧುನಿಕ ಕುಲ ಎನಿಸಿಕೊಂಡಿತು. ಆ ಬಳಿಕ ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಇಟ್ಟಿಗೆಯಂಥ ದಪ್ಪ ಕಾಲಿನ ಅಕ್ಷರವೂ, 1816ರಲ್ಲಿ ಕ್ಯಾಸ್ಲಾನನ ವಂಶದ ನಾಲ್ಕನೆಯ ವಿಲಿಯಂ ತೋರಿಸಿದ ಕಾಲೇ ಇಲ್ಲದ ಅಕ್ಷರವೂ ಬಂದವು. ಮಂದ್ರೂಪದ ಅಂಗಡಿಯ ಯಜಮಾನರು ಆರಿಸಿದ್ದು ಈ ಕೊನೆಯದನ್ನು. ಹಿಂದಿನದೂ ಮುಂದಿನದೂ ಗೊತ್ತಿರುವ ನಮಗೆ ಬಾಸ್ಕರ್‌ವಿಲ್‌ನನ್ನು ನಡುವೆ ಇರಿಸುವುದು ಸುಲಭ. ತಾನು ಯಾವುದೋ ಎರಡರ ನಡುವಿನ ಸೇತುವೆ ಎಂದು ಅವನೆಂದೂ ಎಣಿಸಿರಲಿಲ್ಲ. ಅವನ ಮಟ್ಟಿಗೆ ಅದು ತುದಿಮುಟ್ಟಿದ ಅಕ್ಷರ.

1775ರ ಜನವರಿ 8ರಂದು ಬಾಸ್ಕರ್‌ವಿಲ್ ತೀರಿಕೊಂಡ. ಇಗರ್ಜಿಯ ನೆಲದಲ್ಲಿ ತನ್ನನ್ನು ಹೂಳಬಾರದು, ತನ್ನ ಹಿತ್ತಿಲಿನಲ್ಲಿ ಹಿಂದೆ ಗಿರಣಿಯಾಗಿದ್ದ ಗೋಪುರಾಕಾರದ ಕಟ್ಟಡದಲ್ಲಿ ಇಡಬೇಕು ಎಂದು ಮೊದಲೇ ಉಯಿಲು ಬರೆದಿಟ್ಟಿದ್ದ, ಹಾಗೆಯೇ ಮಾಡಿದರು. ಸಾರಾ ಕೆಲಕಾಲ ಮೊಳೆ ಎರಕದ ಕೆಲಸವನ್ನು ತಾನೇ ನಡೆಸಿದಳು. ಕೊಳ್ಳುವವರು ಕಡಿಮೆ. ಕೊನೆಗೆ 1779ರಲ್ಲಿ ಫ್ರಾನ್ಸಿನ ನಾಟಕಕಾರ ಬೋಮಾರ್ಶೆ 3,700 ಪೌಂಡಿಗೆ ಎಲ್ಲವನ್ನೂ ಕೊಂಡ. ಅವನಿಗೆ ವಾಲ್ಟೇರನ ಸಮಗ್ರ ಕೃತಿಗಳನ್ನು ಪ್ರಕಟಿಸುವ ಹಂಬಲವಿತ್ತು. ಫ್ರಾನ್ಸಿನಲ್ಲಿ ವಾಲ್ಟೇರನ ಎಷ್ಟೋ ಬರಹಗಳಿಗೆ ನಿಷೇಧ. ಆದ್ದರಿಂದ ರೈನ್ ನದಿಯ ಆಚೆದಡದಲ್ಲಿ, ಪರರಾಜ್ಯದ ಗಡಿಯಲ್ಲಿದ್ದ ಕೆಹ್ಲ್ ಎಂಬಲ್ಲಿ ಮುದ್ರಣಾಲಯ ಹೂಡಿದ. ಇಂಗ್ಲೆಂಡಿಗೆ ಬೇಡವಾದ ಅಕ್ಷರ, ಫ್ರಾನ್ಸಿಗೆ ಬೇಡವಾದ ಬರಹ, ಎರಡೂ ಆ ಗಡಿಯೂರಿನಲ್ಲಿ ಕೂಡಿ ಎಪ್ಪತ್ತು ಸಂಪುಟಗಳಾದವು.

ಸಾರಾ 1788ರಲ್ಲಿ ಗತಿಸಿದಳು. ಮನೆ ಕೈಬದಲಾಯಿಸಿತು; 1791ರ ಬರ್ಮಿಂಗ್‌ಹ್ಯಾಮ್ ದೊಂಬಿಯಲ್ಲಿ ಸುಟ್ಟುಹೋಯಿತು. ಹಿತ್ತಿಲಿನ ಗೋರಿಯ ನೆನಪು ಯಾರಿಗೂ ಉಳಿಯಲಿಲ್ಲ. 1821ರ ಸುಮಾರಿಗೆ ಅಲ್ಲಿ ನೆಲ ಅಗೆಯುತ್ತಿದ್ದ ಕೂಲಿಯವರಿಗೆ ಸೀಸದ ಪೆಟ್ಟಿಗೆಯೊಂದು ಸಿಕ್ಕಿತು. ತೆರೆದರೆ ಬಾಸ್ಕರ್‌ವಿಲ್‌ನ ದೇಹ, ಆಶ್ಚರ್ಯವೆನಿಸುವಷ್ಟು ಕೆಡದೆ ಉಳಿದಿತ್ತು. ಅದು ಕೆಲವು ವರ್ಷ ಒಂದು ಗೋದಾಮಿನಲ್ಲಿ ಬಿದ್ದಿತ್ತು. 1829ರಲ್ಲಿ ಕೊಳಾಯಿ, ಗಾಜಿನ ಕೆಲಸ ಮಾಡುವ ಅಂಗಡಿಯೊಂದಕ್ಕೆ ಬಂದು, ಅಲ್ಲಿ ಜನರು ನೋಡಿಹೋಗುವ ವಸ್ತುವಾಯಿತು. ಎಷ್ಟೋ ಜನರ ಗೋರಿಗೆ ಹೆಸರು ಕೊರೆದುಕೊಟ್ಟವನಿಗೆ ತನ್ನದೆಂಬ ಕಲ್ಲು ಇರಲಿಲ್ಲ. ಇಗರ್ಜಿಗಳು ನಾಸ್ತಿಕನಿಗೆ ಜಾಗ ಕೊಡಲು ಹಿಂಜರಿದವು. ಕೊನೆಗೆ ಕ್ರೈಸ್ಟ್ ಚರ್ಚಿನ ನೆಲಮಾಳಿಗೆಯಲ್ಲಿ, ಹೆಚ್ಚು ಸದ್ದಿಲ್ಲದೆ, ಹೆಸರಿಲ್ಲದ ಒಂದು ಗೂಡಿನಲ್ಲಿ ಇರಿಸಿದರು. ಅಲ್ಲಿರುವುದು ಅವನೇ ಎಂದು 1893ರಲ್ಲಿ ಗೊತ್ತಾಯಿತು. ಬೇಡವೆಂದು ಬರೆದಿಟ್ಟ ಜಾಗದಲ್ಲೇ ಅವನು ಅಷ್ಟು ಕಾಲ ಇದ್ದ. ಆ ಇಗರ್ಜಿಯನ್ನು ಕೆಡವುವಾಗ, 1898ರಲ್ಲಿ, ವಾರ್‌ಸ್ಟನ್ ಲೇನ್ ಎಂಬಲ್ಲಿನ ಶ್ಮಶಾನಕ್ಕೆ ಸಾಗಿಸಿದರು. ಅಲ್ಲಿ ಈಗಲೂ ಇದ್ದಾನೆ.

ಅಕ್ಷರದ ಭಾಗ್ಯ ಇದಕ್ಕಿಂತ ಬೇಗ ತೆರೆಯಲಿಲ್ಲ. ಹತ್ತೊಂಬತ್ತನೆಯ ಶತಮಾನವಿಡೀ ಅವನ ಪಂಚುಗಳು ಫ್ರಾನ್ಸಿನಲ್ಲಿ ಒಂದು ಕೈಯಿಂದ ಇನ್ನೊಂದಕ್ಕೆ ದಾಟುತ್ತಾ, ಯಾರ ಅಕ್ಷರವೆಂಬುದೇ ಮರೆತುಹೋಗಿತ್ತು. ಅಮೆರಿಕದ ಬ್ರೂಸ್ ರೋಜರ್ಸ್ ಎಂಬ ಪುಸ್ತಕ ವಿನ್ಯಾಸಕಾರ ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಅವುಗಳ ಗುರುತು ಹಿಡಿದ. 1923ರಲ್ಲಿ ಇಂಗ್ಲೆಂಡಿನ ಮೋನೊಟೈಪ್ ಕಂಪೆನಿ ಅದೇ ಮಾದರಿಯಲ್ಲಿ ಯಂತ್ರಕ್ಕೆ ಹೊಂದುವ ಮೊಳೆ ಹೊರಡಿಸಿದ ಮೇಲೆ ಬಾಸ್ಕರ್‌ವಿಲ್ ಪುಸ್ತಕಲೋಕದಲ್ಲಿ ಮತ್ತೆ ಮನೆಮಾತಾಯಿತು. ಕಣ್ಣು ಕೆಡಿಸುತ್ತದೆಂದು ಬೈಸಿಕೊಂಡ ಅಕ್ಷರವನ್ನು ಈಗ ಉದ್ದ ಓದಿಗೆ ಹಿತವಾದುದೆಂದು ಆರಿಸುತ್ತಾರೆ. ಕೆನಡಾ ಸರಕಾರದ ಕಾಗದಪತ್ರಗಳಲ್ಲಿ ಆ ದೇಶದ ಹೆಸರು ನಿಂತಿರುವುದೂ ಇದನ್ನೇ ತುಸು ತಿದ್ದಿದ ಅಕ್ಷರದಲ್ಲಿ. 1996ರಲ್ಲಿ ಅಮೆರಿಕದ ಸುಜಾನಾ ಲಿಚ್ಕೊ ಎಂಬ ವಿನ್ಯಾಸಕಿ ಬಾಸ್ಕರ್‌ವಿಲ್ ಜಾಡಿನಲ್ಲೇ ಹೊಸ ಅಕ್ಷರವೊಂದನ್ನು ಬರೆದು, ಅದಕ್ಕೆ ಮಿಸೆಸ್ ಈವ್ಸ್ ಎಂದು ಹೆಸರಿಟ್ಟಳು. ಊರವರ ಕುಹಕ ಸಹಿಸಿ, ಮೊಳೆಗಳ ನಡುವೆ ಬಾಳಿದ ಸಾರಾಳಿಗೆ ಇನ್ನೂರು ವರ್ಷ ಕಳೆದ ಮೇಲೆ ಸಂದ ಗೌರವ ಅದು. ಅದರಲ್ಲೂ ಮದುವೆಗೆ ಮುಂಚಿನ ದಿನಗಳ ಹೆಸರಿನಲ್ಲೇ.

ಮೂಲ ಪಂಚುಗಳನ್ನು ಪ್ಯಾರಿಸಿನ ಮೊಳೆ ಕಂಪೆನಿಯ ಶಾರ್ಲ್ ಪೇನ್ಯೋ 1953ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಮುದ್ರಣಾಲಯಕ್ಕೆ ಕಾಣಿಕೆಯಾಗಿ ಕೊಟ್ಟ. ಬದುಕಿದ್ದಾಗ ಕಪ್ಪ ಕಟ್ಟಿಸಿಕೊಂಡ ಅದೇ ವಿಶ್ವವಿದ್ಯಾಲಯಕ್ಕೆ ಅವು ಪುಕ್ಕಟೆ ಬಂದವು. ಈಸಿ ಹಿಲ್ ಇದ್ದ ಜಾಗದಲ್ಲಿ ಈಗ ಬಾಸ್ಕರ್‌ವಿಲ್ ಹೌಸ್ ಎಂಬ ದೊಡ್ಡ ಕಟ್ಟಡವಿದೆ. ಅದರ ಮುಂದೆ ಕಲ್ಲಿನ ಕಂಬಗಳ ಮೇಲೆ ಪಂಚಿನ ಆಕಾರದಲ್ಲಿ ಅಕ್ಷರಗಳನ್ನು 1990ರಲ್ಲಿ ನಿಲ್ಲಿಸಿದ್ದಾರೆ. ವರ್ಜಿಲ್ ಎಂಬ ಹೆಸರು ಅಲ್ಲಿ ತಿರುಗಾಮುರುಗಾ ಇದೆ, ಉಕ್ಕಿನ ಕಡ್ಡಿಯ ತುದಿಯಲ್ಲಿ ಹ್ಯಾಂಡಿ ಕೊರೆದಂತೆ. ದಾರಿಹೋಕರು ಅದನ್ನು ಓದಬೇಕಾದರೆ ಕೊನೆಯಿಂದ ಮೊದಲಿಗೆ ಬರಬೇಕು.